ಅತ್ತಿಗೆಯ ಎದುರು ಪಾರ್ಟಿ

ವಕೀಲರ ಸಹಾಯಕಿಯಾಗಲು ಆನ್‌ಲೈನ್‌ನಲ್ಲಿ ಓದತೊಡಗಿದ ಮೇಲೆ ಅತ್ತಿಗೆಯ ಕಣ್ಣಿಗೆ ಊರಿಗೆ ಊರೇ ಎದುರು ಪಾರ್ಟಿ. ಕೊರಿಯರ್‌ನವನು ಸಹಿ ಕೇಳಿದರೆ, "ಒಳಗೇನಿದೆ ಅಂತ ಮೊದ್ಲು ಬರೆದುಕೊಡಪ್ಪ" ಎನ್ನುತ್ತಾರೆ. ಗಂಡ "ಸಂಜೆ ಬೇಗ ಬರ್ತೀನಿ" ಎಂದರೆ, "ಬೇಗ ಅಂದ್ರೆ ಎಷ್ಟು ಗಂಟೆಗೆ?" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪಾಠ ಹೇಳುವ ಮೇಡಂ ಮೇಲೂ ಗುಮಾನಿಯೇ. ವಿಡಿಯೋ ನಿಲ್ಲಿಸಿ, ಅವರು ಹೇಳಿದ ಸೆಕ್ಷನ್ನು ಪುಸ್ತಕದಲ್ಲಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿಯೇ ಮುಂದಕ್ಕೆ. ಮೊನ್ನೆ ಆ ಮೇಡಂ, ಆಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರವೊಂದನ್ನು ಹುಡುಕಿ ಅದರ ತಪ್ಪುಗಳನ್ನು ಬರೆಯಿರಿ ಎಂದು ಹೋಂವರ್ಕ್ ಕೊಟ್ಟರು. ಅತ್ತಿಗೆ ಹುಡುಕಲೇ ಇಲ್ಲ. ತವರಲ್ಲಿ ಅವರಪ್ಪ ತೀರಿಕೊಂಡ ವಾರದಲ್ಲಿ ಅವರಣ್ಣ, "ಇಲ್ಲೊಂದು ಸೈನ್ ಹಾಕಮ್ಮ, ಓದೋಕೆ ಏನಿದೆ ಇದ್ರಲ್ಲಿ" ಎಂದು ಮುಂದಿಟ್ಟಿದ್ದ ಪತ್ರದ ನಕಲನ್ನು ಬೀರುವಿನಿಂದ ತೆಗೆದರು. ಎರಡು ದಿನ ಅಕ್ಷರಕ್ಷರ ಜಾಲಾಡಿ, ಕೊನೆಗೆ ಉತ್ತರ ಬರೆದರು: "ತಪ್ಪು ಒಂದೂ ಇಲ್ಲ. ಸಹಿ ನನ್ನದೇ."