ಗಂಗೊಳ್ಳಿಯ ನೌಕೆಗೆ ಯಾವ ದೇಶದ ಬಾವುಟ

ಮೂರು ವರ್ಷದ ಹಿಂದೆ, ಏಪ್ರಿಲ್ ಮುಗಿಯುವ ಹೊತ್ತಿಗೆ, ನಾನು ಮಂಗಳೂರಿನ ಒಬ್ಬ ಹಡಗು ಸರ್ವೇಯರ್ ಬಳಿ ಸಹಾಯಕಿಯಾಗಿದ್ದೆ. ನೌಕೆಯ ಉದ್ದ, ಅಗಲ, ಟನ್ನೇಜ್ ಅಳೆದು ನೋಂದಣಿಯ ಫೈಲ್ ಸಿದ್ಧಪಡಿಸುವುದು ನನ್ನ ಕೆಲಸ. ಟನ್ನೇಜ್ ಅಂದರೆ ತೂಕವಲ್ಲ, ನೌಕೆಯ ಒಳಗಿನ ಜಾಗದ ಲೆಕ್ಕ. ಆ ವಾರ ದಿನವೂ ಬ್ರಹ್ಮಾವರದ ಮನೆಯಿಂದ ಹೊರಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಹೆಮ್ಮಾಡಿ ಸುತ್ತಿ ಗಂಗೊಳ್ಳಿಗೆ ಹೋಗುತ್ತಿದ್ದೆ.

ಮೀನುಗಾರಿಕೆ ಬೋಟು ಕಟ್ಟುವ ಅಲ್ಲಿನ ಯಾರ್ಡಿನಲ್ಲಿ ಹದಿನಾಲ್ಕು ಮೀಟರ್ ಉದ್ದದ ಒಂದು ಯಾಟ್ ನಿಂತಿತ್ತು. ಹಾಯಿಯೂ ಎಂಜಿನ್ನೂ ಇರುವ ವಿಹಾರ ನೌಕೆ. ಮಾಲೀಕ ಸುಧಾಕರ ಕಿರಿಮಂಜೇಶ್ವರದವರು, ಮುಂಬೈಯಲ್ಲಿ ಹೋಟೆಲು. ಗೋವಾದಲ್ಲಿ ಕಟ್ಟಿಸಬಹುದಿತ್ತು. ಆದರೆ ಅವರ ಅಣ್ಣ ಶಿವರಾಮ ಗಂಗೊಳ್ಳಿಯಲ್ಲಿ ಇಪ್ಪತ್ತು ವರ್ಷ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಅಣ್ಣನ ಕೈಗೆ ಚುಕ್ಕಾಣಿ ಕೊಟ್ಟು ಊರಿನ ಎದುರು ಹಾಯಿ ಬಿಚ್ಚಬೇಕು ಎಂಬುದು ಸುಧಾಕರರ ಆಸೆ.

ಆಗಲೇ ದುಬೈಯ ಬ್ರೋಕರ್ ಒಬ್ಬರು ಯುರೋಪಿನ ಪುಟ್ಟ ದ್ವೀಪದೇಶ ಮಾಲ್ಟಾದಲ್ಲಿ ನೋಂದಾಯಿಸಿ ಎಂದು ಹಿಂದೆ ಬಿದ್ದಿದ್ದರು. ಕುಂದಾಪುರದಲ್ಲಿ ಓಡುವ ಕಾರಿಗೆ ಬೇರೆ ರಾಜ್ಯದ ನಂಬರ್ ಇರುವಂತೆ, ಯಾಟ್ ಮಾಲೀಕರು ತಾವು ಕಾಲಿಡದ ದೇಶದಲ್ಲಿ ನೋಂದಾಯಿಸಿ ಅದರ ಬಾವುಟವನ್ನೂ ಆರಿಸಿಕೊಳ್ಳಬಹುದು. ತೆರಿಗೆ ಒಂದೇ ಕಾರಣವಲ್ಲ. ಯಾವ ಬಾವುಟಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಯಾವುದಾದರೆ ಬಾಡಿಗೆ ಪ್ರವಾಸಿಗರನ್ನು ಹತ್ತಿಸಬಹುದು, ಮಾರುವಾಗ ಗಿರಾಕಿ ಸಿಗುತ್ತಾರೆಯೇ, ಎಲ್ಲ ನೋಡುತ್ತಾರೆ. ಮಾಲ್ಟಾ ಆದರೆ ಯುರೋಪಿನ ಬೇಸಿಗೆಗೆ ನೌಕೆ ಬಾಡಿಗೆಗೆ ಹೋಗುತ್ತಿತ್ತು. ಶನಿವಾರದೊಳಗೆ ಉತ್ತರ ಬೇಕೆಂದು ಬ್ರೋಕರ್ ಹೇಳಿದ್ದರು. ಇತ್ತ ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅಲೆ ಏಳಲು ಶುರುವಾಗಿತ್ತು. ಮಳೆಗೆ ಮೊದಲು ಹೊರಡದಿದ್ದರೆ ನೌಕೆ ಸೆಪ್ಟೆಂಬರ್‌ವರೆಗೆ ಟಾರ್ಪಾಲಿನಡಿ ಮಲಗಬೇಕು. ಸುಧಾಕರ ಬೆಳಿಗ್ಗೆ ಮಾಲ್ಟಾ ಅನ್ನುತ್ತಿದ್ದರು, ಮಧ್ಯಾಹ್ನ ಇಂಡಿಯಾ. ಅವರ ಫೋನ್ ಬಂದಾಗಲೆಲ್ಲ ನಾನು ಫೈಲಿನಲ್ಲಿ ಅರ್ಜಿ ಬದಲಿಸುತ್ತಿದ್ದೆ.

ಗುರುವಾರ ನೌಕೆಯ ಹಿಂಬದಿಯ ಫೋಟೋ ತೆಗೆಯಲು ಹೋದೆ. ಅಲ್ಲಿ ನೌಕೆಯ ಹೆಸರು ಮತ್ತು ನೋಂದಣಿ ಬಂದರಿನ ಹೆಸರು ಬರಬೇಕು. ನಿರ್ಧಾರ ಆಗುವವರೆಗೆ ಖಾಲಿ ಬಿಡಿ ಎಂದು ಬಡಗಿಗಳ ಮುಖ್ಯಸ್ಥ ವಾಸು ಆಚಾರ್ರಿಗೆ ಹೇಳಿದ್ದೆವು. ಹೋಗಿ ನೋಡಿದರೆ ಹಳದಿ ಬಣ್ಣದಲ್ಲಿ, ಮೊಳದುದ್ದದ ಅಕ್ಷರದಲ್ಲಿ, ‘ಗಂಗೊಳ್ಳಿ’.

“ಎಂತ ಆಚಾರ್ರೆ ಇದು?”

“ನಾಳೆ ನೀರಿಗಿಳ್ಸುದಲ್ದಾ? ಊರಿನ್ ಹೆಸ್ರಿಲ್ದೆ ನಾನ್ ಒಂದ್ ಬೋಟೂ ಇಳ್ಸಲಿಲ್ಲ. ಕೆಟ್ಟ್ ನಿಂತ್ರೆ ಕಂಡವ್ರ್ ಯಾರಿಗ್ ಫೋನ್ ಮಾಡೂದ್?”

ನಮ್ಮ ಕಡೆ ಬೋಟಿಗೆ ಊರೆಂದರೆ ಅದು ಹುಟ್ಟಿದ ದಡ. ಆಚಾರ್ರಿಗೆ ಅದರಲ್ಲಿ ಕೇಳುವುದೇನೂ ಇರಲಿಲ್ಲ. ಸುಧಾಕರರಿಗೆ ಫೋನ್ ಮಾಡಿದೆ. “ಅಳಿಸಿ ಅಂತ ಹೇಳಿ. ಮಾಲ್ಟಾ ಫೈನಲ್,” ಎಂದರು. ಫೋನ್ ಸ್ಪೀಕರ್‌ನಲ್ಲಿತ್ತು. ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಶಿವರಾಮ ತಲೆ ಎತ್ತಿ ನನ್ನನ್ನು ಕೇಳಿದರು.

“ಹ್ವಾಯ್, ಹೆಣೆ, ಅದ್ ಮಾಲ್ಟಾ ಆದ್ರೆ ಮಳ್ಗಾಲ ಕಳ್ದ್ ಮೇಲ್ ಇಲ್ಲಿಗ್ ಬಪ್ಪುದ್ ಹ್ಯಾಂಗೆ?”

ಇದ್ದದ್ದನ್ನು ಹೇಳಿದೆ. ವಿದೇಶಿ ಬಾವುಟದ ನೌಕೆ ಹೊರಗಿನಿಂದ ಬಂದರೆ ಮೊದಲು ಕಸ್ಟಮ್ಸ್ ಮತ್ತು ವಲಸೆ ತಪಾಸಣೆ ಇರುವ ಬಂದರಿಗೆ ಹೋಗಬೇಕು. ಗಂಗೊಳ್ಳಿಯಲ್ಲಿ ಅದಿಲ್ಲ. ಮಂಗಳೂರಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರಲು ಅನುಮತಿ ಕೇಳಬೇಕು.

“ಮನಿ ಎದ್ರ್ ದಾಟಿ ಮಂಗ್ಳೂರಿಗ್ ಹೋಯಿ, ಮನಿಗ್ ಬಪ್ಪುಕೆ ಪರ್ಮಿಷನ್ನಾ?” ಶಿವರಾಮ ನಕ್ಕರು. ಆಮೇಲೆ ಫೋನಿನ ಕಡೆ ಬಾಗಿ, “ತಮ್ಮಾ, ನನ್ನ್ ಇಲ್ಲಿ ದಡದಲ್ ನಿಂತ್ ಟಾಟಾ ಮಾಡೂಕ್ ಕರ್ದದ್ದಾ ನೀನು?”

ಆ ಕಡೆಯಿಂದ ಕರೆ ಕಟ್ಟಾಯಿತು.

ಶುಕ್ರವಾರ ಬೆಳಿಗ್ಗೆ ಸುಧಾಕರರೇ ರೈಲಿನಲ್ಲಿ ಬಂದಿಳಿದರು. ಸೀದಾ ಯಾರ್ಡಿಗೆ ಬಂದು ನೌಕೆಯ ಸುತ್ತ ನಡೆದರು. ಬ್ರೋಕರ್ ಕರೆ ಬಂತು, ತೆಗೆಯಲಿಲ್ಲ. ಮತ್ತೆ ಬಂತು. ಅಳಿವೆಯ ಕಡೆ ನೋಡುತ್ತಾ ನನ್ನನ್ನು ಕೇಳಿದರು, “ಇಂಡಿಯಾ ಬಾವುಟ ಆದ್ರೆ ಸೀದಾ ಇಲ್ಲಿಗೆ ಬರ್ಬಹುದಾ?”

“ಗೋವಾದಿಂದಲೋ ಮುಂಬೈಯಿಂದಲೋ ಆದರೆ ಬರಬಹುದು. ಯುರೋಪಿನ ಬಾಡಿಗೆ ಮಾತ್ರ ಮರೆಯಬೇಕು.”

“ಮರೆಯೂಕಾತ್ತಿಲ್ಲ,” ಎಂದರು. ಫೋನನ್ನು ಜೇಬಿಗೆ ಹಾಕಿ, “ಇಂಡಿಯಾ ಮಾಡಿ.”

ಆಚಾರ್ರು ಗೆದ್ದೆ ಎಂಬಂತೆ ಬೀಡಿ ಹಚ್ಚಿದರು. ಆಗ ನಾನು ಇನ್ನೊಂದು ಕಹಿ ಸುದ್ದಿ ಹೇಳಬೇಕಾಯಿತು. ಗಂಗೊಳ್ಳಿ ಹಡಗು ನೋಂದಣಿಯ ಬಂದರಲ್ಲ. ಭಾರತದ್ದೇ ಬಾವುಟವಾದರೂ ನೋಂದಣಿ ಆಗುವುದು ಮಾಲೀಕರಿರುವ ಮುಂಬೈಯಲ್ಲಿ, ಹಿಂಬದಿಯಲ್ಲಿ ಮುಂಬೈ ಎಂದೇ ಬರೆಯಬೇಕು. ಹಳದಿ ಅಕ್ಷರ ಹೋಗಲೇಬೇಕು.

ಆಚಾರ್ರ ಬೀಡಿ ಬಾಯಲ್ಲೇ ನಿಂತಿತು. “ಅಂದ್ರೆ ಇದ್ ಮುಂಬೈದಾ? ಇದ್ರ್ ಒಂದ್ ಹಲ್ಗಿ ಮುಂಬೈ ಕಂಡಿತ್ತಾ?”

ಸುಧಾಕರ ಆಚಾರ್ರ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಅಕ್ಷರಗಳನ್ನೇ ನೋಡಿದರು. ನೌಕೆಗೆ ಅವರು ಯೋಚಿಸಿಟ್ಟಿದ್ದ ಇಂಗ್ಲಿಷ್ ಹೆಸರೊಂದು ನನ್ನ ಫೈಲಿನಲ್ಲಿತ್ತು. “ಬಂದರು ಸರ್ಕಾರ ಹೇಳಿದ್ದು. ನೌಕೆಯ ಹೆಸರು?” ಎಂದು ನನ್ನನ್ನು ಕೇಳಿದರು.

“ಹೆಸರು ಮಾಲೀಕರ ಇಷ್ಟ. ಬೇರೆ ನೌಕೆಗೆ ಅದೇ ಹೆಸರು ಇರಬಾರದು, ಅಷ್ಟೆ.”

“ಹಾಗಾದ್ರೆ ಅಳಿಸ್ಬೇಡಿ. ಅದೇ ಹೆಸರು. ಕೆಳಗೆ ಸಣ್ಣದಾಗಿ ಮುಂಬೈ ಬರೀರಿ.”

“ಸಣ್ಣದ್ ಅಂದ್ರೆ ಎಷ್ಟ್ ಸಣ್ಣದ್?” ಆಚಾರ್ರು ನನ್ನನ್ನು ಕೇಳಿದರು. ನಿಯಮದಲ್ಲಿರುವ ಕನಿಷ್ಠ ಅಳತೆ ಹೇಳಿದೆ. ಜೊತೆಗೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಬೇಕೆಂದೆ. ಅವರು ಮುಂಬೈಯನ್ನು ಅದಕ್ಕಿಂತ ಒಂದು ಕೂದಲೆಳೆಯಷ್ಟೂ ದೊಡ್ಡದು ಮಾಡಲಿಲ್ಲ.

ನೌಕೆ ನೀರಿಗಿಳಿದು ಮಳೆಗೆ ಮೊದಲು ಮುಂಬೈಗೆ ಹೊರಟಿತು. ಅಕ್ಟೋಬರಿನಲ್ಲಿ ಶಿವರಾಮರೇ ಅದನ್ನು ಅಳಿವೆ ದಾಟಿಸಿ ಒಳಗೆ ತಂದರು. ಸುಧಾಕರ ಈಗಲೂ ಬೇಸಿಗೆ ಬಂದರೆ ಫೋನ್ ಮಾಡಿ, ಮಾಲ್ಟಾ ಆಗಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತಾರೆ. ತಪ್ಪಿದ ಬಾಡಿಗೆಯ ಲೆಕ್ಕವನ್ನು ನಾನು ಮುಚ್ಚಿಡದೆ ಹೇಳುತ್ತೇನೆ. ಆದರೆ ಯಾವ ಬಾವುಟ ಒಳ್ಳೆಯದು ಎಂದು ಕೇಳಿ ಬರುವ ಮಾಲೀಕರ ಮುಂದೆ ತೆರಿಗೆಯ ಪಟ್ಟಿ ತೆರೆಯುವ ಮೊದಲು ನಾನೀಗ ಒಂದು ಮಾತು ಕೇಳುತ್ತೇನೆ: ನಿಮ್ಮ ನೌಕೆ ವಾಪಸ್ ಬರುವಾಗ ದಡದಲ್ಲಿ ಯಾರು ಕಾಯುತ್ತಿರುತ್ತಾರೆ?