ಚಿಪ್ಪುಹಂದಿಯ ತಾಯಿತ

ಮೊನ್ನೆ ಬ್ರೂಸ್‌ಪೇಟೆಯ ಗ್ರಂಥಿಗೆ ಅಂಗಡಿಗೆ ಹೋದದ್ದು ಬಜೆ ತರಲು. ಮಗಳು ಬಾಣಂತಿ; ಮೊಮ್ಮಗಳಿಗೆ ತೇಯ್ದು ನೆಕ್ಕಿಸಬೇಕಿತ್ತು. ಬಜೆ, ಲೋಬಾನ, ಗೋಣಿಚೀಲ ಎಲ್ಲ ಬೆರೆತ ಆ ವಾಸನೆಗೆ ಮೈಮರೆತು ನಿಂತಿದ್ದೆ. ಅಂಗಡಿಯವರು ದನಿ ತಗ್ಗಿಸಿದರು: "ಕೂಸು ನಿದ್ದ್ಯಾಗ ಬೆಚ್ಚತೈತೇನ್ರಿ ಅಮ್ಮಾ? ಚಿಪ್ಪುಹಂದಿ ಚಿಪ್ಪು ಐತಿ, ಒಳಗ ಇಟ್ಟೀನಿ."

ಒಳಗಿಂದ ತಂದ ಕಾಗದದ ಪೊಟ್ಟಣ ಬಿಚ್ಚಿದರೆ ನಮ್ಮ ಅಜ್ಜಿಯ ತಾಯಿತವೇ!

ಕುರುಗೋಡಿನ ಅಜ್ಜಿಯ ಹತ್ತಿರ ಅಂಥದ್ದೊಂದು ಚಿಪ್ಪಿತ್ತು. ತುದಿಗೆ ತೂತು, ಕರಿ ದಾರ. ನಿಮ್ಮ ಮನೆಯಲ್ಲೂ ಇದ್ದಿರಬಹುದು, ನೆನಪು ಮಾಡಿಕೊಳ್ಳಿ. ನಮ್ಮವರ ಕೂಸು ಸಿರುಗುಪ್ಪದಲ್ಲಿ ಹುಟ್ಟಲಿ, ಕರೂರಲ್ಲಿ ಹುಟ್ಟಲಿ, ತೊಟ್ಟಿಲಿಗಿಂತ ಮೊದಲು ಅಜ್ಜಿಯ ಚಿಪ್ಪು ಬಸ್ಸು ಹತ್ತಿ ಬರುತ್ತಿತ್ತು. ಕಟ್ಟಿದರೆ ಅಂಜಿಕೆ ಹತ್ತಿರ ಸುಳಿಯುವುದಿಲ್ಲವಂತೆ. ನಾನೂ ಕಟ್ಟಿಸಿಕೊಂಡವಳೇ. ಹಲ್ಲಿ ಕಂಡರೆ ಈಗಲೂ ಮಂಚ ಹತ್ತುತ್ತೇನೆ, ಆ ಮಾತು ಬೇರೆ.

ನನ್ನ ಮಗಳು ಹುಟ್ಟಿದಾಗ ಮಾತ್ರ ಅಜ್ಜಿ ಬರಿಗೈಲಿ ಬಂದಳು. "ಚಿಪ್ಪೆಲ್ಲಿ ಅಜ್ಜಿ?" ಅಂದೆ.

"ಗುಡ್ಡದಾಗ ಇಟ್ಟು ಬಂದೆ ಬಿಡವ್ವ," ಅಂದಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರು ಗುಡ್ಡದಿಂದ ಆ ಪ್ರಾಣಿಯನ್ನು ಹೊತ್ತು ತಂದಿದ್ದರಂತೆ. "ಚೆಂಡಿನಂಗ ಸುತ್ತಿಕೊಂಡು ಬಿದ್ದಿತ್ತು. ಎಷ್ಟು ಬಡಿದ್ರೂ ಬಿಚ್ಚಲಿಲ್ಲ. ಸತ್ತ ಮ್ಯಾಲೆ ನೋಡಿದ್ರ ಒಳಗ ಮರಿ ಇತ್ತು. ನಮ್ಮ ಕೂಸು ಅಂಜಬಾರದಂತ ಅದರ ಚಿಪ್ಪು ಕಟ್ಟಿದ್ವಿ. ಅದರ ಕೂಸಿಗೆ ಯಾರು ಏನು ಕಟ್ಟಿದ್ರವ್ವ?"

ಆಮೇಲೆ ಆ ಪ್ರಾಣಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಘಟ್ಟದ ಮಳೆಕಾಡಿನಲ್ಲೂ ಇರುತ್ತದೆ, ನಮ್ಮಂಥ ಬಿಸಿಲಿನ ಕಲ್ಲುಗುಡ್ಡಗಳಲ್ಲೂ ಇರುತ್ತದೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಉದ್ದ ನಾಲಿಗೆಗೆ ಇರುವೆ, ಗೆದ್ದಲು ಅಂಟಿಸಿಕೊಂಡು ತಿನ್ನುವ ಬಡಪಾಯಿ. ಹೆರುವುದು ಹೆಚ್ಚಾಗಿ ಒಂದೇ ಮರಿ, ಅದನ್ನು ಬಾಲದ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಹೆದರಿದರೆ ಮರಿಯನ್ನು ಒಳಗಿಟ್ಟು ಸುತ್ತಿಕೊಳ್ಳುತ್ತದೆ. ಕಾಡುಮೃಗಗಳು ಬಿಚ್ಚಲಾರದ ಆ ಉಂಡೆಯನ್ನು ಮನುಷ್ಯ ಸಲೀಸಾಗಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ. ಚಿಪ್ಪಾದರೂ ಏನು, ನಮ್ಮ ಉಗುರಿನಂಥದೇ. ಔಷಧವೂ ಇಲ್ಲ, ಮಂತ್ರವೂ ಇಲ್ಲ. ಹಿಡಿಯುವುದು, ಮಾರುವುದು ಅಪರಾಧ. ಆದರೂ ಅಳಿವಿನಂಚಿಗೆ ಬಂದಿದೆ. ಕುರುಗೋಡಿಗೆ ಹೋದಾಗಲೆಲ್ಲ ಕೇಳುತ್ತೇನೆ, ಕಂಡೆ ಅನ್ನುವವರು ಸಿಕ್ಕಿಲ್ಲ.

"ಬ್ಯಾಡ್ರಿ. ಇಂಥದ್ದು ಮಾರಬ್ಯಾಡ್ರಿ," ಅಂದೆ ಅಂಗಡಿಯವರಿಗೆ.

"ನೀವು ಒಲ್ಲೆ ಅಂದ್ರ ಇನ್ನೊಬ್ರು ಒಯ್ತಾರ್ರಿ," ಎಂದು ಅವರು ಕಾಗದ ಮಡಚಿದರು. ಅದೂ ಸುಳ್ಳಲ್ಲ. ಬಜೆ ತೆಗೆದುಕೊಂಡು ಬಂದೆ.

ಮನೆಗೆ ಬರುವ ಹೊತ್ತಿಗೆ ಮೊಮ್ಮಗಳು ನಿದ್ದೆಯಲ್ಲಿ ಬೆಚ್ಚಿ ಅತ್ತಳು. ಪಕ್ಕದಲ್ಲಿ ಮಲಗಿದ್ದ ಮಗಳು ಕಣ್ಣೂ ಬಿಡದೆ ಅವಳನ್ನು ಹೊಟ್ಟೆಗೆ ಎಳೆದುಕೊಂಡು, ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ ಸುತ್ತಿಕೊಂಡುಬಿಟ್ಟಳು. ಕೂಸು ಕಾಣಲೇ ಇಲ್ಲ. ಅಳು ನಿಂತಿತು.

ನಾನು ಬಾಗಿಲು ಮುಂದೆ ಮಾಡಿ ಹೊಸ್ತಿಲ ಹೊರಗೆ ಕೂತೆ, ಯಾರೂ ಒಳಗೆ ಹೋಗದ ಹಾಗೆ.