ಕನ್ನಡದಲ್ಲಿ ಬಂದ ಕರೆ

ಅಮ್ಮನ ಆಪರೇಷನ್ನಿಗೆಂದು ಉಜ್ಜಿದ ಕ್ರೆಡಿಟ್ ಕಾರ್ಡಿನ ಸಾಲ ಬಡ್ಡಿ ಸೇರಿ ಬೆಳೆಯುತ್ತಿದ್ದ ವರ್ಷ ಅದು. ಬ್ಯಾಂಕಿನ ಕರೆಗಳೆಲ್ಲ ಮಲಯಾಳದಲ್ಲಿ, ಇಲ್ಲವೇ ಹಿಂದಿಯಲ್ಲಿ ಬರುತ್ತಿದ್ದವು. ಒಂದು ದಿನ ಮಾತ್ರ ಒಬ್ಬ ಕನ್ನಡದಲ್ಲಿ ಮಾತಾಡಿದ.

"ಅಕ್ಕಾ, ನಿಮ್ಮ ಸಾಲ ಮನ್ನಾ ಆಗಿ ಉಂಟು. ಮೊಬೈಲಿಗೆ ಬಂದ ಒಟಿಪಿ ಒಂದು ಹೇಳಿ, ಸಾಕು."

ಅವನು 'ಉಂಟು' ಎಂದನೋ, 'ಇದೆ' ಎಂದದ್ದನ್ನು ನಾನೇ ಊರಿನ ಮಾತಾಗಿ ನೆನಪಿಟ್ಟುಕೊಂಡೆನೋ, ಈಗ ಖಚಿತವಿಲ್ಲ. ಕಾಸರಗೋಡಿನ ಕಚೇರಿಗಳಲ್ಲಿ ಕನ್ನಡದ ಉತ್ತರಕ್ಕಾಗಿ ಜಗಳಾಡಿ ದಣಿದವಳು ನಾನು. ಕೇಳದೆಯೇ ಕನ್ನಡ ಸಿಕ್ಕಿತೆಂದು ಕರಗಿಹೋಗಿ, ನಗುತ್ತಲೇ ಒಟಿಪಿ ಹೇಳಿದೆ. ಕಾರ್ಡಿನಲ್ಲಿ ಉಳಿದಿದ್ದ ಮಿತಿಯನ್ನೂ ಅವನು ಬಳಿದುಕೊಂಡ, ಸಾಲ ಇಮ್ಮಡಿಯಾಯಿತು.

"ಮನೆಮಾತು ತುಳುವಲ್ಲಿ ಕೇಳಿದ್ರೆ ಕರಿಮಣಿಯನ್ನೂ ಬಿಚ್ಚಿ ಕೊಡ್ತಿದ್ದೆಯಾ ಮಾರಾಯ್ತಿ?" ಎಂದರು ನನ್ನ ಗಂಡ.

ಸಾಲವನ್ನು ಹೇಗೋ ತೀರಿಸಿದೆವು. ಆದರೆ ಅವನ ಆ 'ಅಕ್ಕಾ', ಅದಕ್ಕೆ ನಾನು ನಕ್ಕ ನಗು ನೆನಪಾದರೆ ಇಂದಿಗೂ ಹೇಸಿಗೆಯಾಗುತ್ತದೆ. ಮೊನ್ನೆ ಯಾರೋ ಫೋನಿನಲ್ಲಿ, "ನಮಸ್ಕಾರ ಅಕ್ಕಾ, ಉಪ್ಪಳದ ಗ್ರಂಥಾಲಯದಿಂದ" ಎಂದು ಕನ್ನಡದಲ್ಲಿ ಶುರುಮಾಡಿದರು. ಪಾಪ, ನಿಜವಾಗಿಯೂ ಗ್ರಂಥಾಲಯದವರೇ ಇದ್ದಿರಬಹುದು. ಕೈಗೆ ಯಾರದೋ ಎಂಜಲು ತಾಗಿದಂತೆ ಅನಿಸಿ, ಮಾತು ಮುಗಿಯುವ ಮೊದಲೇ ಕರೆ ಕತ್ತರಿಸಿದೆ.